ಮನೆ ಅತ್ತೆಯ ಹೆಸರಲ್ಲಿದೆ, ನನ್ನ ತಂಗಿ ಹೊರಗೆ ಹೋಗಲೇಬೇಕಾ?

ಪ್ರಶ್ನೆ – ಅಕ್ಕ:
ನನ್ನ ತಂಗಿಯ ಗಂಡ ಅವಳ ಮೇಲೆ ಕೈ ಎತ್ತುವುದಿಲ್ಲ. ಆದರೆ ಅವಳ ಎಟಿಎಂ ಕಾರ್ಡ್ ಇರುವುದು ಅವರ ಜೇಬಿನಲ್ಲಿ. ಸಂಬಳ ಬಂದ ದಿನವೇ ಅಷ್ಟೂ ದುಡ್ಡು ತೆಗೆಯುತ್ತಾರೆ. ಮಗುವಿನ ಔಷಧಿಗೂ ಅವಳು ಕೈ ಚಾಚಬೇಕು, ಚಾಚಿದರೆ ಬಾಯಿಗೆ ಬಂದ ಹಾಗೆ ಬೈಗುಳ. ಮೊನ್ನೆ ಅವಳ ಅತ್ತೆ "ಮನೆ ನನ್ನ ಹೆಸರಲ್ಲಿದೆ, ನಡಿ ಆಚೆ" ಅಂದರಂತೆ. ಪೊಲೀಸ್ ಅಂದ್ರೆ ತಂಗಿಗೆ ಭಯ. ಗಂಡ ಜೈಲಿಗೆ ಹೋಗುವುದೂ ಬೇಡ ಅಂತಾಳೆ. ಮೈಮೇಲೆ ಗಾಯ ಇಲ್ಲದಿದ್ದರೆ ಕಾನೂನು ನಮ್ಮ ಮಾತು ಕೇಳುತ್ತದಾ?

ಉತ್ತರ – ವಕೀಲೆ:
ಖಂಡಿತ ಕೇಳುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ ಓದಿ. ಬೈಗುಳ, ಅವಮಾನ, ಹೆಂಡತಿಯ ದುಡ್ಡು ಕಿತ್ತುಕೊಳ್ಳುವುದು, ಎಲ್ಲವೂ ದೌರ್ಜನ್ಯವೇ. ಠಾಣೆಗೆ ಹೋಗಲೇಬೇಕೆಂದಿಲ್ಲ. 12ನೇ ಸೆಕ್ಷನ್ ಅಡಿ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಈ ಅರ್ಜಿಯಿಂದ ಗಂಡ ಜೈಲಿಗೆ ಹೋಗುವುದಿಲ್ಲ. ಕೋರ್ಟ್ ಕೊಟ್ಟ ರಕ್ಷಣಾ ಆದೇಶ ಮೀರಿದರೆ ಆಗ ಅದು ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ.

ಮನೆಯ ವಿಷಯ ಎಲ್ಲಕ್ಕಿಂತ ಮುಖ್ಯ. ಸಂಸಾರ ಮಾಡಿದ ಮನೆ ಅತ್ತೆ, ಮಾವನ ಹೆಸರಲ್ಲಿದ್ದರೂ ಸೊಸೆ ಅಲ್ಲಿರಲು ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮನೆ ಅವಳದಾಗುವುದಿಲ್ಲ, ನಿಜ. ಆದರೆ "ನಡಿ ಆಚೆ" ಅಂದ ಮಾತ್ರಕ್ಕೆ ಯಾರೂ ಅವಳನ್ನು ಹೊರಗೆ ಹಾಕುವಂತಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಹಕ್ಕಿನ ಲೆಕ್ಕ ಹಾಕುತ್ತಾ ಕೂರಬೇಡಿ, ಮೊದಲು ಮಗು ಜೊತೆ ಹೊರಗೆ ಬರಲಿ, 112ಕ್ಕೆ ಕರೆ ಮಾಡಲಿ. ಹೊರಗೆ ಬಂದಳು ಅಂತ ಹಕ್ಕು ಹೋಗುವುದಿಲ್ಲ.

ಉತ್ತರ – ಕೇಸ್ ನಡೆಸಿದವಳು:
ಇಂಥ ಅರ್ಜಿಯನ್ನು ಕೋರ್ಟ್ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನನ್ನದು ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯಿತು. ಅದಕ್ಕೇ ಹೇಳ್ತೀನಿ, ಅರ್ಜಿಯ ಜೊತೆಗೇ 23ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶ, ಅಂದರೆ ಕೇಸ್ ಮುಗಿಯುವ ಮೊದಲೇ ಸಿಗುವ ತಾತ್ಕಾಲಿಕ ಆದೇಶ ಕೇಳಿ. ಮಗುವಿನ ಖರ್ಚು ಅಷ್ಟು ದಿನ ಕಾಯುತ್ತದಾ?

ಉತ್ತರ – ಸಾಂತ್ವನ (ನೊಂದ ಹೆಂಗಸರ ನೆರವು ಕೇಂದ್ರ) ಕಾರ್ಯಕರ್ತೆ:
ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಇಲ್ಲವೇ ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರಕ್ಕೆ ಹೋಗಿ. ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ನಡೆದದ್ದನ್ನೆಲ್ಲ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಿ. ಸಂಬಳ ಬಿದ್ದ ದಿನಾಂಕದ ಕೆಳಗೇ ಎಟಿಎಂನಿಂದ ತೆಗೆದದ್ದು ಕಾಣುತ್ತದಲ್ಲ, ಅದೇ ಸಾಕ್ಷಿ. ಅವಳ ಫೋನ್ ಗಂಡ ನೋಡುತ್ತಿದ್ದರೆ ಈ ಮಾತುಕತೆ ಅವಳಿಗೆ ಕಳಿಸಬೇಡಿ, ಎದುರಿಗೆ ಕೂತು ಹೇಳಿ.

ಅಕ್ಕ:
ಫೋನ್ ನೋಡ್ತಾರೆ. ನಾನೇ ಹೋಗಿ ಹೇಳ್ತೀನಿ.