ಚಟ ಬಿಟ್ಟು ಕಾಲೇಜಿಗೆ ಮರಳುತ್ತಿರುವ ಹುಡುಗನಿಗೆ ಹೇಗೆ ಜೊತೆಯಾಗಲಿ? ಅನುಭವ ಇದ್ದವರು ಹೇಳಿ

ಕೇಳಿದ್ದು:
ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾನು ಮೆಂಟರ್ ಆಗಿರುವ ಗುಂಪಿನಲ್ಲಿ ಒಬ್ಬ ಹುಡುಗ, ವಯಸ್ಸು 20. ಕುಡಿತ ಮತ್ತು ನೋವಿನ ಮಾತ್ರೆಗಳ ಚಟಕ್ಕೆ ಚಿಕಿತ್ಸೆ ಪಡೆದು, ಒಂದು ಸೆಮಿಸ್ಟರ್ ಬಿಟ್ಟು, ಸೋಮವಾರ ವಾಪಸ್ ಬರುತ್ತಿದ್ದಾನೆ. ಹಾಸ್ಟೆಲ್‌ನಲ್ಲೇ ಇರುತ್ತಾನೆ. ಈ ವಿಷಯ ಅವನೇ ನನಗೆ ಹೇಳಿದ್ದು. ಆಸರೆಯಾಗಬೇಕು ಅಂತ ಮನಸ್ಸಿದೆ. ಏನೋ ಮಾಡಲು ಹೋಗಿ ಇನ್ನೇನೋ ಆದರೆ ಅನ್ನುವ ಭಯವೂ ಇದೆ. ಏನು ಮಾಡಲಿ, ಏನು ಮಾಡದಿರಲಿ?

ಏಳು ವರ್ಷದಿಂದ ಕುಡಿತ ಬಿಟ್ಟಿರುವವರು:
ಮೇಡಂ, ನಾನೂ ಎರಡನೇ ವರ್ಷದಲ್ಲಿದ್ದಾಗ ಮೂರು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿದ್ದು, ಮತ್ತೆ ಅದೇ ಕಾಲೇಜು, ಅದೇ ಹಾಸ್ಟೆಲ್‌ಗೆ ಬಂದವನು. ನಿಮ್ಮ ಹುಡುಗನ ಸೋಮವಾರ ಹೇಗಿರುತ್ತೆ ಅಂತ ನನಗೆ ಗೊತ್ತು.

ಕೇಂದ್ರದಲ್ಲಿ ಬಿಟ್ಟಿರುವುದು ಅಷ್ಟು ಕಷ್ಟ ಅನ್ನಿಸಲಿಲ್ಲ. ಏಳುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ಅಲ್ಲಿ ಹೊತ್ತು ಗೊತ್ತಿತ್ತು. ಕಾಲೇಜಿನಲ್ಲಿ ಸಂಜೆ 5ಕ್ಕೆ ಕ್ಲಾಸ್ ಮುಗಿದರೆ ರಾತ್ರಿ 11ರವರೆಗೆ ಎಲ್ಲಿ ಕೂರಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಹಳೇ ಗೆಳೆಯರ ರೂಮು ನನ್ನ ರೂಮಿನಿಂದ ಮೂರನೇ ಬಾಗಿಲು. ಅಲ್ಲಿಂದ ನಗು ಕೇಳಿಸುತ್ತಿತ್ತು. ಕುಡಿಯಬೇಕು ಅನ್ನುವುದಕ್ಕಿಂತ ಜಾಸ್ತಿ, ಆ ನಗುವಿನ ಮಧ್ಯೆ ಹೋಗಿ ಕೂತುಬಿಡೋಣ ಅನ್ನಿಸುತ್ತಿತ್ತು. ಬಾಟಲಿಯ ಜೊತೆಗೆ ನಾನು ಬಿಟ್ಟು ಬಂದದ್ದು ನನಗಿದ್ದ ಅಷ್ಟೂ ಗೆಳೆಯರನ್ನು. ಇದು ಯಾರಿಗೂ ಹೊಳೆಯಲಿಲ್ಲ.

ಎಲ್ಲರೂ ನನ್ನನ್ನು ಕಾಯುವುದಕ್ಕೇ ನಿಂತರು. ರಾತ್ರಿ ಗೇಟಿನಲ್ಲಿ ವಾರ್ಡನ್ "ಬಾಯಿ ತೆಗಿ" ಅನ್ನುತ್ತಿದ್ದರು, ಹಿಂದೆ ಜೂನಿಯರ್‌ಗಳು ಸಾಲಾಗಿ ನಿಂತಿರುವಾಗಲೇ. ಒಬ್ಬ ಮೇಷ್ಟ್ರು ಕಾರಿಡಾರ್‌ನಲ್ಲಿ ಹೆಗಲ ಮೇಲೆ ಕೈ ಹಾಕಿ, "ಏನಪ್ಪಾ, ಇನ್ನೂ ಬಿಟ್ಟೇ ಇದ್ದೀಯಾ?" ಅಂದರು. ಪ್ರೀತಿಯಿಂದಲೇ ಕೇಳಿದರು. ಆದರೆ ಆ ದಿನದವರೆಗೆ ಕ್ಲಾಸಿನಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಆ ರಾತ್ರಿ ನಾನು ಮೂರನೇ ಬಾಗಿಲು ತಟ್ಟಿದೆ. ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ, ತಟ್ಟಿದ ಕೈ ನನ್ನದೇ. ಆದರೆ ನಡೆದದ್ದು ಹೀಗೆ.

ನನ್ನನ್ನು ಉಳಿಸಿದ್ದು ಲ್ಯಾಬಿನ ಮೇಡಂ. ಜಾರಿದ್ದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. "ಸಂಜೆ ಮೈಕ್ರೋಸ್ಕೋಪ್ ಒರೆಸಿ ಎತ್ತಿಡೋಕೆ ಒಬ್ಬರು ಬೇಕು, ಬರ್ತೀಯಾ?" ಅಂದರು ಅಷ್ಟೇ. ಹೋದೆ. ನಿದ್ದೆ ಇರಲಿಲ್ಲ, ಭಯ ಬೇರೆ, ಕೈ ನಡುಗುತ್ತಿತ್ತು. ಗಾಜಿನ ಸ್ಲೈಡುಗಳ ಡಬ್ಬಿ ಕೈಗೆತ್ತಿಕೊಂಡರೆ ಕಿಣಿಕಿಣಿ ಅಂತ ಸದ್ದು. ಅವರು ನೋಡಿದರು. ಮಾತಾಡದೆ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ನನ್ನ ಮುಂದೆ ಮೈಕ್ರೋಸ್ಕೋಪಿನ ಭಾರದ ಬುಡ ಮತ್ತು ಒಂದು ಬಟ್ಟೆ ಇಟ್ಟರು. ಆ ಸೆಮಿಸ್ಟರ್ ಪೂರ್ತಿ ವಾರಕ್ಕೆ ನಾಲ್ಕು ಸಂಜೆ ಅಲ್ಲೇ ಕಳೆದೆ. ಕೊನೆಗೆ ಸ್ಲೈಡ್ ಡಬ್ಬಿಯೂ ನನ್ನ ಕೈಗೆ ಬಂತು.

ಹಾಗಾಗಿ ನನ್ನನ್ನು ಕೇಳಿದರೆ, ಮೊದಲು ಅವನ ಸಂಜೆಗೆ ಒಂದು ಜಾಗ ನೋಡಿ. ಓದಿನ ಭಾರವನ್ನೂ ಕಡಿಮೆ ಮಾಡಿಸಿ. ಬಿಟ್ಟು ತಿಂಗಳುಗಳಾದರೂ ನಿದ್ದೆ ಸರಿಹೋಗಿರುವುದಿಲ್ಲ, ಗಮನ ನಿಲ್ಲುವುದಿಲ್ಲ. ಬ್ಯಾಕ್‌ಲಾಗ್ ಎಲ್ಲ ಒಂದೇ ಸಲ ಕಟ್ಟಿಸಬೇಡಿ. ಕೇಂದ್ರದಲ್ಲಿ ನಮಗೆ ನಾಲ್ಕು ಮಾತು ಬಾಯಿಪಾಠ ಮಾಡಿಸಿದ್ದರು: ಹಸಿವು, ಸಿಟ್ಟು, ಒಂಟಿತನ, ದಣಿವು. ಜಾರುವ ಮುಂಚೆ ಇವುಗಳಲ್ಲಿ ಒಂದಾದರೂ ಬಂದು ಕೂತಿರುತ್ತೆ. ಪರೀಕ್ಷೆಯ ವಾರದಲ್ಲಂತೂ ನಾಲ್ಕೂ ಒಟ್ಟಿಗೇ ಬರುತ್ತವೆ.

ಕಾಲೇಜಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವವರು:
ಮೇಲಿನವರು ಹೇಳಿದ್ದೆಲ್ಲ ನಿಜ. ನಾನು ಜೀವಕ್ಕೆ ಸಂಬಂಧಪಟ್ಟದ್ದು ಮಾತ್ರ ಹೇಳುತ್ತೇನೆ, ದಯವಿಟ್ಟು ವಾರ್ಡನ್‌ಗೂ ರೂಮ್‌ಮೇಟ್‌ಗೂ ತಿಳಿದಿರಲಿ. ಹುಡುಗನ ಹೆಸರು ಹೇಳದೆ, ಇಡೀ ಹಾಸ್ಟೆಲ್‌ಗೇ ಹೇಳಿಕೊಡಿ.

ಕೆಲವು ತಿಂಗಳು ಬಿಟ್ಟಿದ್ದವರ ಮೈಗೆ ಹಳೇ ತಾಳಿಕೆ ಉಳಿದಿರುವುದಿಲ್ಲ. ಆಗ ತೆಗೆದುಕೊಳ್ಳುತ್ತಿದ್ದಷ್ಟೇ ಮಾತ್ರೆ ಈಗ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅಫೀಮಿನ ಜಾತಿಯ ನೋವಿನ ಮಾತ್ರೆಗಳಲ್ಲಿ ಈ ಅಪಾಯ ಬಹಳ, ಜೊತೆಗೆ ಕುಡಿದಿದ್ದರೆ ಇನ್ನೂ ಜಾಸ್ತಿ. ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ಗೊರಗೊರ ಅಂತ ತಡೆದು ತಡೆದು ಬರುತ್ತಿದೆ, ತುಟಿ ನೀಲಿಗಟ್ಟಿದೆ ಅಂದರೆ "ಮಲಗಿರಲಿ ಬಿಡು, ಬೆಳಗ್ಗೆ ಸರಿಹೋಗುತ್ತಾನೆ" ಅನ್ನಲೇಬಾರದು. ತಕ್ಷಣ ಆಂಬುಲೆನ್ಸ್ ಕರೆಯಿರಿ. ನಲೋಕ್ಸೋನ್, ಅಂದರೆ ಅಫೀಮಿನ ಜಾತಿಯ ಮಾತ್ರೆಯ ಪರಿಣಾಮವನ್ನು ತಡೆಯುವ ಔಷಧಿ, ಸಿಗುವಂತಿದ್ದರೆ ಕೊಡಿ. ಉಸಿರು ಇದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ವೈದ್ಯರು ಬರುವವರೆಗೆ ಜೊತೆಗೇ ಇರಿ, ಯಾಕೆಂದರೆ ನಲೋಕ್ಸೋನ್ ಗುಣ ಇಳಿದ ಮೇಲೆ ಮತ್ತೆ ಉಸಿರು ಕಟ್ಟಬಹುದು.

ಇನ್ನೊಂದು. ಮತ್ತೆ ದಿನಾ ಕುಡಿಯಲು ಶುರುಮಾಡಿದ್ದಾನೆ ಅಂತ ಗೊತ್ತಾದರೆ "ಈ ಕ್ಷಣವೇ ನಿಲ್ಲಿಸು" ಅಂತ ರೂಮಿನಲ್ಲಿ ಕೂಡಿಹಾಕಬೇಡಿ. ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲೇ ಬಿಡಿಸಬೇಕು.

ಅವನು ಯಾವ ಮಾತ್ರೆಯಲ್ಲಿದ್ದಾನೆ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ, ಆರೋಗ್ಯ ಕೇಂದ್ರಕ್ಕೆ ಹೇಳಿರಲಿ. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಡೈಸಲ್ಫಿರಾಂ ಆಗಿದ್ದರೆ ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್, ಮೌತ್‌ವಾಶ್ ಕೂಡ ಆಗಿಬರುವುದಿಲ್ಲ. ಚಟ ಮರುಕಳಿಸದಂತೆ ಕೊಡುವ ನಾಲ್ಟ್ರೆಕ್ಸೋನ್ ಆಗಿದ್ದರೆ ಅಫೀಮಿನ ಜಾತಿಯ ನೋವಿನ ಔಷಧಿ ಕೆಲಸವನ್ನೇ ಮಾಡುವುದಿಲ್ಲ, ಹಲ್ಲು ಕೀಳಿಸಲು ಹೋದಾಗಲೂ ಹೇಳಬೇಕು. ಬ್ಯುಪ್ರೆನಾರ್ಫಿನ್ ಆಗಿದ್ದರೆ, ಅದೂ ಅಫೀಮಿನ ಜಾತಿಯದೇ, ಆದರೆ ಚಟ ಬಿಡಿಸಲು ವೈದ್ಯರು ಕೊಡುವ ಮಾತ್ರೆ, "ಒಂದು ಚಟ ಬಿಟ್ಟು ಇನ್ನೊಂದು ಹಿಡಿದೆಯಾ" ಅಂತ ಯಾರೂ ಅನ್ನದ ಹಾಗೆ ನೋಡಿಕೊಳ್ಳಿ. ಆ ಮಾತು ಕೇಳಿ ಮಾತ್ರೆ ನಿಲ್ಲಿಸಿದವರನ್ನು ನಾನು ಆಸ್ಪತ್ರೆ ಮಂಚದ ಮೇಲೆ ನೋಡಿದ್ದೇನೆ.

ಒಬ್ಬ ತಾಯಿ:
ನನ್ನ ಮಗಳು ಹೀಗೇ ವಾಪಸ್ ಹೋದಳು. ನಾನು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದೆ. ದನಿ ಸ್ವಲ್ಪ ಎಳೆದರೂ ಎದೆ ಧಸಕ್ಕೆನ್ನುತ್ತಿತ್ತು. ಒಂದು ದಿನ ಅವಳೇ, "ಅಮ್ಮಾ, ನೀನು ನನ್ನ ಜೊತೆ ಮಾತಾಡಲ್ಲ, ನನ್ನನ್ನ ಮೂಸಿ ನೋಡ್ತೀಯ" ಅಂದಳು. ಆಮೇಲೆ ಅಲ್-ಅನಾನ್ ಮೀಟಿಂಗ್‌ಗೆ ಹೋಗತೊಡಗಿದೆ. ಕುಡಿಯುವವರ ಮನೆಯವರಿಗೆ ಅಂತಲೇ 1951ರಲ್ಲಿ ಶುರುವಾದ ಗುಂಪು ಅದು. ಈಗ ದಿನಕ್ಕೆ ಒಂದೇ ಫೋನ್. ಬೇರೆ ಏನಾದರೂ ಮಾತಾಡುತ್ತೇವೆ. ಹೇಳಬೇಕಾದ್ದನ್ನು ಅವಳೇ ಹೇಳುತ್ತಾಳೆ. ಮೇಡಂ, ಆ ಹುಡುಗನ ಅಪ್ಪ ಅಮ್ಮ ನಿಮಗೆ ಫೋನ್ ಮಾಡಿ "ಹೇಗಿದ್ದಾನೆ" ಅಂತ ಕೇಳಬಹುದು. ಅವನನ್ನು ಕೇಳದೆ ಏನೂ ಹೇಳಬೇಡಿ. ಅವರಿಗೆ ಬೇಜಾರಾಗುತ್ತೆ, ಆಗಲಿ.

ಕಾಲೇಜು ಕೌನ್ಸೆಲರ್:
ಈ ಮಕ್ಕಳಿಗೆ ಮೀಟಿಂಗ್‌ಗಳಲ್ಲಿ ಒಂದು ತೊಂದರೆ ಇದೆ. ಕುಡಿತ ಬಿಡುವವರು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪು 1935ರಿಂದ ಇದೆ, ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಅಲ್ಲಿಗೆ ಹೋದ 20ರ ಹುಡುಗನ ಪಕ್ಕದಲ್ಲಿ ಅವನಪ್ಪನ ವಯಸ್ಸಿನವರೇ ಜಾಸ್ತಿ ಇರುತ್ತಾರೆ. ಮದುವೆ ಮುರಿದದ್ದು, ಕೆಲಸ ಹೋದದ್ದು ಅಂತ ಅವರು ಹೇಳುವಾಗ, "ನನಗಿನ್ನೂ ಅಷ್ಟು ಆಗಿಲ್ಲವಲ್ಲ" ಅನ್ನಿಸಿಬಿಡುತ್ತೆ. ತನ್ನ ವಯಸ್ಸಿನವನೊಬ್ಬ, ತನ್ನದೇ ಪರೀಕ್ಷೆ ಬರೆಯುವವನು, ಬಿಟ್ಟು ಬದುಕುತ್ತಿರುವುದನ್ನು ಕಣ್ಣಾರೆ ನೋಡಬೇಕು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ 1977ರಲ್ಲೇ ಇಂಥ ವಿದ್ಯಾರ್ಥಿಗಳಿಗೆ ನೆರವು ಶುರುಮಾಡಿತು. ಅಲ್ಲಿನದೇ ರಟ್ಗರ್ಸ್ ವಿಶ್ವವಿದ್ಯಾಲಯ 1988ರಲ್ಲಿ ಅವರಿಗೆಂದೇ ಬೇರೆ ವಸತಿ ಮಾಡಿಕೊಟ್ಟಿತು. ಅಷ್ಟೆಲ್ಲ ನಿಮ್ಮಿಂದ ಆಗದಿರಬಹುದು. ಒಂದು ಕೋಣೆ, ವಾರಕ್ಕೊಂದು ನಿಗದಿಯಾದ ಸಂಜೆ, ಇಬ್ಬರು ಹುಡುಗರು, ಇಷ್ಟಿದ್ದರೂ ಸಾಕು. ಕ್ಯಾಂಪಸ್ಸಿನಲ್ಲಿ ಇವನೊಬ್ಬನೇ ಅಂತ ತಿಳಿಯಬೇಡಿ. ಬಾಗಿಲು ತೆರೆದರೆ ಇನ್ನೊಬ್ಬ ಬರುತ್ತಾನೆ.

ಜಾರಿದರೆ ಏನು ಮಾಡುವುದು ಅನ್ನುವುದನ್ನು ಅವನು ಚೆನ್ನಾಗಿರುವಾಗಲೇ ಮಾತಾಡಿಕೊಳ್ಳಿ. "ಹಾಗೇನಾದರೂ ಆದರೆ ನಾನು ಯಾರಿಗೆ ಫೋನ್ ಮಾಡಲಿ?" ಅಂತ ಕೇಳಿ, ಹೆಸರು ಬರೆದುಕೊಳ್ಳಿ. ಗೆಳೆಯ ಪ್ರಜ್ಞೆ ತಪ್ಪಿದಾಗ ಸಹಾಯಕ್ಕೆ ಕರೆದವನನ್ನೇ ಹಾಸ್ಟೆಲ್‌ನಿಂದ ಹೊರಹಾಕುವ ನಿಯಮ ಇದ್ದರೆ ಅದನ್ನು ತೆಗೆಸಲು ಹೋರಾಡಿ. ಆ ನಿಯಮ ಇರುವಷ್ಟು ದಿನ ಯಾರೂ ಫೋನ್ ಎತ್ತುವುದಿಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡೆರಡು ಸಲ ಓದಿದೆ. ನಾನು ಅವನಿಗೆ ವಾರಕ್ಕೊಂದು ಪರೀಕ್ಷೆ ಇಟ್ಟು ಹಿಂದುಳಿದದ್ದನ್ನು ಮುಗಿಸಿಕೊಡೋಣ ಅಂದುಕೊಂಡಿದ್ದೆ, ಅದನ್ನು ಬಿಟ್ಟೆ. ಡಿಪಾರ್ಟ್‌ಮೆಂಟ್ ಲೈಬ್ರರಿಯ ಒಳಕೋಣೆಯನ್ನು ಸಂಜೆ 6ರಿಂದ 9ರವರೆಗೆ ತೆರೆದಿಡಲು ಒಪ್ಪಿಗೆ ಸಿಕ್ಕಿದೆ. ಹಳೇ ಪುಸ್ತಕಗಳಿಗೆ ನಂಬರ್ ಹಚ್ಚುವ ಕೆಲಸ ಮೂರು ವರ್ಷದಿಂದ ಬಾಕಿ ಬಿದ್ದಿದೆ. ಸೋಮವಾರ ಕ್ಲಾಸ್ ಮುಗಿದ ಮೇಲೆ, ಯಾರೂ ಇಲ್ಲದಾಗ, "ಬರ್ತೀಯಾ?" ಅಂತ ಕೇಳುತ್ತೇನೆ. ಬೇಡ ಅಂದರೆ ಬೇರೆ ಏನಾದರೂ ಹುಡುಕುತ್ತೇನೆ.