ಅಪ್‌ಡೇಟ್: ಗಾಜಿನ ಮಣಿಗಳು ಬಿರುಕು ಬಿಡುವುದು ನಿಂತಿತು
ಕಾಸರಗೋಡಿನ ನಮ್ಮ ಮನೆಯ ಚಾವಡಿಯಲ್ಲಿ ಟಾರ್ಚಿನ ಜ್ವಾಲೆಗೆ ಹಿಡಿದು ಮಾಡಿದ ಗಾಜಿನ ಮಣಿಗಳು, ತಾಮ್ರದ ತಂತಿಗೆ ಪೋಣಿಸಿದ ಎರಡೇ ದಿನಗಳಲ್ಲಿ ಬಿರುಕು ಬಿಡುತ್ತವೆ, ಏನು ಮಾಡಲಿ ಎಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಬಿಸಿ ಮಣಿಯನ್ನು ವರ್ಮಿಕ್ಯುಲೈಟಿನಲ್ಲಿ (ಶಾಖ ಬೇಗ ಹೊರಹೋಗದಂತೆ ತಡೆಯುವ ಹಗುರ ಖನಿಜದ ಚೂರುಗಳಲ್ಲಿ) ಹೂತಿಡುವ ಸಲಹೆಯಿಂದ ಒಡೆಯುವುದು ತಡವಾಯಿತೇ ಹೊರತು ನಿಲ್ಲಲಿಲ್ಲ. ಫಲ ಕೊಟ್ಟದ್ದು ವಿದ್ಯುತ್ ಕುಲುಮೆಯ ಸಲಹೆ: 104 ಸಿಒಇ (ಸಿಒಇ ಎಂದರೆ ಬಿಸಿಗೆ ಗಾಜು ಹಿಗ್ಗುವ ಪ್ರಮಾಣದ ಅಳತೆ) ಗಾಜಿನ ಮಣಿಗಳನ್ನು ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇರಿಸಿ, ರಾತ್ರಿಯಿಡೀ ನಿಧಾನವಾಗಿ ತಣಿಸಿದಾಗ 12ರಲ್ಲಿ 11 ಉಳಿದವು. ಒಡೆದ ಒಂದರ ಮೇಲಿದ್ದ ಹಸಿರು ಚುಕ್ಕೆ ಹಳೆಯ ಬಾಟಲಿಯ ಗಾಜಿನದು; ಅದು ಬಿಸಿಗೆ ಹಿಗ್ಗುವ ಪ್ರಮಾಣವೇ ಬೇರೆಯಾದ್ದರಿಂದ ಚುಕ್ಕೆಯ ಸುತ್ತಲೇ ಉಗುರಿನ ಗೀರಿನಂಥ ಬಿರುಕು ಮೂಡಿತ್ತು. (ಬಿರುಕಿಗೆ ಮಳೆಗಾಲದ ತೇವವೇ ಕಾರಣವೆಂದು ಮೊದಲು ದೂರಿದ್ದು ನನ್ನದೇ ತಪ್ಪು.) ಅಚ್ಚರಿಯ ಸಂಗತಿಯೆಂದರೆ, ಅಡ್ಡಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ಪಾರದರ್ಶಕ ಮಣಿಯನ್ನು ಹಿಡಿದರೆ ಒಳಗಿನ ಒತ್ತಡ ಬೆಳಕಿನ ಪಟ್ಟಿಯಾಗಿ ಕಾಣುತ್ತದೆ, ಈಗ ತಂತಿ ಸುತ್ತುವ ಮೊದಲೇ ನೋಡಿಬಿಡುತ್ತೇನೆ.