ಅಪ್‌ಡೇಟ್: ಸಣ್ಣ ಕೈಗೆ ವಾಚ್, ಕೊನೆಗೂ ಸೆಟ್ ಆಯ್ತು

ಹೋದ ತಿಂಗಳು ಕೇಳಿದ್ನಲ್ಲ, ನನ್ನ ಮಣಿಕಟ್ಟು ಸುತ್ತಳತೆ ಬರೀ 14.5 ಸೆಂಟಿಮೀಟರ್, ಚೈನ್ ವಾಚ್ ಹಾಕಿದ್ರೆ ಗಿರಗಿರ ತಿರುಗಿ ಡಯಲ್ ಕೆಳಗೆ ಹೋಗತ್ತೆ, ಬಿಗಿ ಮಾಡಿದ್ರೆ ಮೂಳೆಗೆ ಒತ್ತತ್ತೆ ಅಂತ. ನೀವೆಲ್ಲಾ ಹೇಳಿದ್ದನ್ನ ಟ್ರೈ ಮಾಡ್ದೆ.

ಮೊದಲನೇದು ಚೈನ್. ಅಂಗಡಿಯವರು ಲಿಂಕ್ ಎಲ್ಲಾ ಒಂದೇ ಕಡೆಯಿಂದ ತೆಗೆದಿದ್ರು, ಅದಕ್ಕೇ ಲಾಕ್ ಒಂದು ಪಕ್ಕಕ್ಕೆ ಎಳೀತಿತ್ತು. ಈಗ ಎರಡೂ ಕಡೆ ಸರಿಮಾಡಿಸಿ, ಲಾಕ್ ಪಕ್ಕ ಇರೋ ಸಣ್ಣ ತೂತಲ್ಲಿ ಪಿನ್ ಒಂದು ಹೆಜ್ಜೆ ಒಳಗೆ ಹಾಕಿಸಿದೆ, ಅಷ್ಟಕ್ಕೇ ಅರ್ಧ ಸಮಸ್ಯೆ ಹೋಯ್ತು ನೋಡಿ! ಇನ್ನು ಮೊದಲು ವಾಚನ್ನ ಮಣಿಕಟ್ಟಿನ ಹೊರಗಡೆ ಉಬ್ಬಿರೋ ಮೂಳೆ ಮೇಲೆ ಹಾಕ್ತಿದ್ದೆ, ಈಗ ಅದಕ್ಕಿಂತ ಸ್ವಲ್ಪ ಮೇಲಕ್ಕೆ, ಮೊಣಕೈ ಕಡೆಗೆ ಹಾಕ್ತೀನಿ, ಕಿರುಬೆರಳು ತೂರೋವಷ್ಟು ಜಾಗ ಬಿಡ್ತೀನಿ ಯಾಕಂದ್ರೆ ಸೆಕೆಗೆ ಕೈ ಸ್ವಲ್ಪ ಊದ್ಕೊಳತ್ತೆ, ಬೆಳಿಗ್ಗೆ ಸರಿ ಇದ್ದಿದ್ದು ಮಧ್ಯಾಹ್ನ ಬಿಗಿ ಆಗತ್ತೆ.

ನೈಲಾನ್ ಬೆಲ್ಟ್ ಮಾತ್ರ ನನಗೆ ಆಗ್ಲಿಲ್ಲ, ಅದು ವಾಚ್ ಅಡಿಯಿಂದ ಹಾದು ಹೋಗತ್ತಲ್ಲ, ವಾಚ್ ಇನ್ನೂ ಎತ್ತರ ಕೂತು ಶರ್ಟ್ ತೋಳಿಗೆ ಸಿಕ್ಕಾಕೊಳ್ತಿತ್ತು.

ಇನ್ನೊಂದು, ಡಯಲ್ ಅಗಲ ಒಂದೇ ನೋಡಬೇಡಿ. ಬೆಲ್ಟ್ ಸಿಕ್ಕಿಸೋ ಮೇಲಿನ ತುದಿಯಿಂದ ಕೆಳಗಿನ ತುದಿವರೆಗೆ ಅಳೆದು ನೋಡಿ. ನಂದು 49 ಮಿಲಿಮೀಟರ್, ಮಣಿಕಟ್ಟಿನ ಅಗಲ 48, ಅಂಚು ಆಚೆ ಬರದೇ ಇರತ್ತಾ ಮತ್ತೆ! ಮುಂದಿನ ವಾಚಲ್ಲಿ ಈ ಅಳತೆ 44 ದಾಟಲ್ಲ, ಸದ್ಯಕ್ಕೆ ಇದೇ ನಡೀತಿದೆ.